ಸ್ಟಾಕ್ ಇಲ್ಲದ ಅಂಗಡಿ

ದಸರಾ ಬೊಂಬೆ ಎತ್ತಿಟ್ಟ ಮೇಲೆ ಬೆಂಗಳೂರಿಗೆ ಒಮ್ಮೆಲೇ ಕನ್ನಡ ಟೀ ಶರ್ಟ್ ನೆನಪಾಗುತ್ತದೆ. ನವೆಂಬರ್ ಒಂದಕ್ಕೆ ಆಫೀಸಿಗೆ ಹಾಕಿಕೊಂಡು ಹೋಗಬೇಕು, ಅಪಾರ್ಟ್‌ಮೆಂಟಿನಲ್ಲಿ ಬಾವುಟ ಹಾರಿಸುವಾಗ ಫೋಟೋ ತೆಗೆಸಿಕೊಳ್ಳಬೇಕು. ಆ ಕೆಲವು ವಾರ ನಮ್ಮ ಪ್ರಿಂಟಿಂಗ್ ಯೂನಿಟ್‌ನಲ್ಲಿ, ಚಿತ್ರವನ್ನು ಬಿಸಿಯಲ್ಲಿ ಬಟ್ಟೆಗೆ ಒತ್ತುವ ಹೀಟ್ ಪ್ರೆಸ್ ತಣ್ಣಗಾಗುವುದೇ ಇಲ್ಲ. ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆ. ಕೆಳಗೆ ಲೇತ್ ಮಷಿನ್ ಅಂಗಡಿ, ಮೇಲೆ ನಾವು. ನನ್ನ ಕೆಲಸ ಫೈಲ್ ನೋಡುವುದು. ಸ್ಟಾಕ್ ಇಟ್ಟುಕೊಳ್ಳದೆ ಆನ್‌ಲೈನ್‌ನಲ್ಲಿ ಟೀ ಶರ್ಟ್ ಮಾರುವವರು ಕಳಿಸಿದ ಡಿಸೈನ್ ತೆರೆದು, ಇದು ಪ್ರಿಂಟ್‌ಗೆ ಹೋಗಬಹುದಾ ಇಲ್ವಾ ಅಂತ ಹೇಳುವುದು.

ಈ ಕುರ್ಚಿಯಲ್ಲಿ ಕೂತವರಿಗೆ ಒಂದು ಅನುಕೂಲ ಇದೆ. ಈ ವ್ಯಾಪಾರಕ್ಕೆ ಬಂದ ಹೊಸಬರ ವೆಬ್‌ಸೈಟ್ ಎಷ್ಟು ಚೆನ್ನಾಗಿದೆ, ಇನ್‌ಸ್ಟಾಗ್ರಾಮ್‌ನಲ್ಲಿ ಎಷ್ಟು ಲೈಕ್ ಬಂದಿದೆ ಅನ್ನುವುದು ನಮಗೆ ಕಾಣುವುದಿಲ್ಲ. ಕಾಣುವುದು ಫೈಲು, ಬಟ್ಟೆ, ವಾಪಸ್ ಬಂದ ಪಾರ್ಸೆಲ್ ಮಾತ್ರ. ಯಾರು ಉಳಿಯುತ್ತಾರೆ, ಯಾರು ಸಂಕ್ರಾಂತಿ ಹೊತ್ತಿಗೆ ಬಾಗಿಲು ಹಾಕುತ್ತಾರೆ ಅಂತ ಈ ಮೂರು ನೋಡಿದರೆ ಸುಮಾರಾಗಿ ಗೊತ್ತಾಗಿಬಿಡುತ್ತದೆ.

ಪ್ರಿಂಟ್ ಆನ್ ಡಿಮ್ಯಾಂಡ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಆರ್ಡರ್ ಬಂದ ಮೇಲೆ ಒಂದೇ ಒಂದು ಟೀ ಶರ್ಟೋ ಕಾಫಿ ಮಗ್ಗೋ ಪ್ರಿಂಟ್ ಮಾಡಿ, ನೇರವಾಗಿ ಕೊಂಡವರ ಮನೆಗೆ ಕಳಿಸುವುದು. ಮಾರುವವರು ಡಿಸೈನ್ ಕೊಡುತ್ತಾರೆ, ಅಂಗಡಿ ನಡೆಸುತ್ತಾರೆ. ಬಟ್ಟೆ, ಶಾಯಿ, ಪ್ಯಾಕಿಂಗ್, ಕೊರಿಯರ್ ಎಲ್ಲ ಪ್ರಿಂಟ್ ಮಾಡುವವರ ಕೆಲಸ. ನಮ್ಮ ದೇಶದಲ್ಲಿ ತಿರುಪ್ಪೂರಿನ ಕ್ವಿಕಿಂಕ್, ಚೆನ್ನೈನ ಪ್ರಿಂಟ್ರೋವ್ ಇದರಲ್ಲಿ ಹೆಸರು ಮಾಡಿವೆ. ಹೊರದೇಶದಲ್ಲಿ 2013ರಲ್ಲಿ ಶುರುವಾದ ಪ್ರಿಂಟ್‌ಫುಲ್ ಮತ್ತು ಅದರ ಎದುರಾಳಿ ಪ್ರಿಂಟಿಫೈ 2024ರ ನವೆಂಬರ್‌ನಲ್ಲಿ ಒಂದಾಗುವುದಾಗಿ ಹೇಳಿದವು. ದೊಡ್ಡವರ ಜೊತೆಗೆ ನಮ್ಮಂಥ ಸಣ್ಣ ಯೂನಿಟ್‌ಗಳೂ ಬೆಂಗಳೂರಿನಲ್ಲಿ ಇವೆ.

ಬಂಡವಾಳ ಬೇಡ, ಗೋಡೌನ್ ಬೇಡ, ಮಾರಾಟವಾಗದೆ ಉಳಿಯುವ ಮಾಲಿನ ಭಯ ಇಲ್ಲ ಅಂತ ಈ ವ್ಯಾಪಾರದ ಬಗ್ಗೆ ಹೇಳುತ್ತಾರಲ್ಲ, ಅದು ನಿಜವೇ. ಆದರೆ ಕೇಳಿಸಿಕೊಂಡವರು ಜೊತೆಗೆ ಇನ್ನೊಂದನ್ನು ತಾವೇ ಸೇರಿಸಿಕೊಂಡುಬಿಡುತ್ತಾರೆ: ಹೊಣೆಯೂ ಬೇಡ ಅಂತ. ಹೊಸಬರು ಎಡವುವುದೆಲ್ಲ ಹೆಚ್ಚುಕಡಿಮೆ ಇಲ್ಲೇ. ಕೊಂಡವರಿಗೆ ನಮ್ಮ ಯೂನಿಟ್ ಇದೆ ಅಂತಲೇ ಗೊತ್ತಿಲ್ಲ. ಅವರ ಕಣ್ಣಿಗೆ ಬಟ್ಟೆ ನೇಯ್ದವರೂ ನೀವೇ, ಬಣ್ಣ ಹಾಕಿದವರೂ ನೀವೇ, ಗೇಟಿನ ಹತ್ತಿರ ಪಾರ್ಸೆಲ್ ಎಸೆದು ಹೋದವರೂ ನೀವೇ.

ಒಂದು ಫೈಲಿನ ವಿಷಯ ಹೇಳುತ್ತೇನೆ. ಕಪ್ಪು ಟೀ ಶರ್ಟ್ ಮೇಲೆ ಬಂಗಾರದ ಬಣ್ಣದ ಗಂಡಭೇರುಂಡ. ಕಳಿಸಿದ್ದು ಇಂಜಿನಿಯರಿಂಗ್ ಓದುವ ಹುಡುಗ. ಮೊಬೈಲ್‌ನಲ್ಲಿ ನೋಡಿದರೆ ಸೊಗಸಾಗಿತ್ತು. ನಾನು ಕಂಪ್ಯೂಟರ್‌ನಲ್ಲಿ ತೆರೆದು, ಹಿಂದೆ ಗಿಳಿ ಹಸಿರು ಬಣ್ಣ ಇಟ್ಟು ನೋಡಿದೆ. ಹಕ್ಕಿಯ ಸುತ್ತ ಒಂದು ಕಪ್ಪು ಚೌಕ. ಡಿಸೈನ್ ಮಾಡುವಾಗ ಕಪ್ಪು ಹಿನ್ನೆಲೆ ಹಾಕಿಕೊಂಡಿದ್ದ, ತೆಗೆಯದೆ ಹಾಗೇ ಸೇವ್ ಮಾಡಿದ್ದ. ಅದನ್ನು ಪ್ರಿಂಟ್ ಮಾಡಿದರೆ ಕಪ್ಪು ಬಟ್ಟೆಯ ಮೇಲೆ ಕಪ್ಪು ಶಾಯಿಯ ದಪ್ಪ ಚೌಕ ಕೂರುತ್ತದೆ, ಎದೆಗೆ ರೆಕ್ಸಿನ್ ತುಂಡು ಅಂಟಿಸಿದ ಹಾಗೆ. ಫೋನ್ ಮಾಡಿದೆ.

"ಅಕ್ಕಾ, ಮೊಬೈಲಲ್ಲಿ ಸರಿಯಾಗೇ ಕಾಣ್ತಿತ್ತಲ್ಲ?" ಅಂದ.

"ಕಪ್ಪಿನ ಮೇಲೆ ಕಪ್ಪು ಇಟ್ರೆ ಎಲ್ಲಿ ಕಾಣುತ್ತೆ ಪುಟ್ಟಾ? ಹಿಂದೆ ಬೇರೆ ಬಣ್ಣ ಹಾಕಿ ನೋಡು" ಅಂದೆ.

ಹತ್ತು ನಿಮಿಷದಲ್ಲಿ ಸರಿ ಮಾಡಿ ಕಳಿಸಿದ. ಆದರೆ ಅದು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂತು. ಹಾಗೆ ಕಳಿಸಿದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಹಿನ್ನೆಲೆ ಖಾಲಿ ಬಿಡಬಲ್ಲ ಪಿಎನ್‌ಜಿ ಫೈಲನ್ನು ಹಾಗೆ ಬಿಡಲಾಗದ ಜೆಪೆಗ್ ಮಾಡುತ್ತದೆ, ಹಿನ್ನೆಲೆಯ ಪಾರದರ್ಶಕತೆ ಹೋಗಿಬಿಡುತ್ತದೆ. ಮತ್ತೆ ಚೌಕ! ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲವೇ ಡ್ರೈವ್ ಲಿಂಕ್ ಕೊಡಬೇಕು. ಅಳತೆಯೂ ಅಷ್ಟೇ. ಎದೆಯ ತುಂಬ ಬರುವ 15 ಇಂಚು ಅಗಲ, 18 ಇಂಚು ಎತ್ತರದ ಪ್ರಿಂಟ್‌ಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 4500 ಅಡ್ಡ, 5400 ಉದ್ದ ಪಿಕ್ಸೆಲ್ ಬೇಕು. ಸಾವಿರ ಪಿಕ್ಸೆಲ್ಲಿನ ಚಿತ್ರವನ್ನು ಎಳೆದು ದೊಡ್ಡದು ಮಾಡಿ ಕಳಿಸುವವರಿದ್ದಾರೆ. ಎಳೆದರೆ ಅಳತೆ ದೊಡ್ಡದಾಗುತ್ತದೆ, ಚಿತ್ರದಲ್ಲಿ ಇಲ್ಲದ ವಿವರ ಎಲ್ಲಿಂದ ಬರಬೇಕು?

ಇನ್ನು ಹೊಳಪು, ನೆರಳು, ಹೊಗೆ. ಸ್ಕ್ರೀನಿನ ಮೇಲೆ ಇವು ಬಹಳ ಚೆಂದ. ಬಟ್ಟೆಯ ಮೇಲೆ ಇವುಗಳ ಕತೆ ಬೇರೆ. ಗಾಢ ಬಣ್ಣದ ಬಟ್ಟೆಗೆ ಪ್ರಿಂಟ್ ಮಾಡುವಾಗ ಬಣ್ಣದ ಅಡಿಗೆ ಒಂದು ಪದರ ಬಿಳಿ ಶಾಯಿ ಹಾಕುತ್ತೇವೆ. ಇಲ್ಲದಿದ್ದರೆ ಬಟ್ಟೆಯೇ ಬಣ್ಣವನ್ನು ನುಂಗುತ್ತದೆ. ಅರ್ಧ ಪಾರದರ್ಶಕವಾದ ನೆರಳಿನ ಅಡಿಯಲ್ಲೂ ಆ ಬಿಳಿ ಚುಕ್ಕೆ ಚುಕ್ಕೆಯಾಗಿ ಇಣುಕುತ್ತದೆ. ನೀವು ಅಂದುಕೊಂಡದ್ದು ಅಕ್ಷರದ ಸುತ್ತ ಬೆಳಕು, ಸಿಗುವುದು ಅಕ್ಷರದ ಸುತ್ತ ಬೂಷ್ಟು. ಹಾಗೇ ಮೊಬೈಲಿನ ಉರಿಯುವ ಗುಲಾಬಿ, ಮಿಂಚುವ ಹಸಿರು ಸಾಮಾನ್ಯ ನಾಲ್ಕು ಬಣ್ಣದ ಶಾಯಿಯಲ್ಲಿ ಬರುವುದಿಲ್ಲ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ನಾವು ಶಾಯಿಯಿಂದ ಮಾಡುತ್ತೇವೆ. ನಮ್ಮ ಬಾವುಟದ ಹಳದಿ ಕೆಂಪು ಮಾತ್ರ ಚೆನ್ನಾಗಿ ಬರುತ್ತದೆ, ಪುಣ್ಯ.

ಕನ್ನಡ ಅಕ್ಷರದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷ್‌ನಲ್ಲಿ ಟೀ ಶರ್ಟ್ ಮಾಡುವವರಿಗೆ ಇಲ್ಲದ ಕಷ್ಟ ನಮಗಿದೆ. ಫೋಟೋಶಾಪ್‌ನಂಥ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಭಾರತದ ಲಿಪಿಗಳಿಗೆ ಬೇಕಾದ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡದೆ ಟೈಪ್ ಮಾಡಿದರೆ ಒತ್ತಕ್ಷರ ಕೂಡುವುದಿಲ್ಲ. 'ಕನ್ನಡ' ಅಂತ ಬರೆದದ್ದು 'ಕನ್‌ನಡ' ಅಂತ ಬಂದು ಕೂರುತ್ತದೆ. ಕನ್ನಡದ ಅಭಿಮಾನ ಸಾರುವ ಟೀ ಶರ್ಟ್ ಮೇಲೇ ಇದು! ಎಷ್ಟೋ ಜನ ಗಮನಿಸುವುದೂ ಇಲ್ಲ, ಯಾಕೆಂದರೆ ನಾವು ಅಕ್ಷರ ಬಿಡಿಸಿ ಓದುವುದಿಲ್ಲ, ಪದದ ಆಕಾರ ನೋಡಿ ಓದಿಬಿಡುತ್ತೇವೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿದ ಫೈಲ್ ಇನ್ನೊಂದು ತಲೆನೋವು. ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಥರ ಓದಿಸಿಕೊಳ್ಳುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಆ ಫಾಂಟುಗಳು ಒಳಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟುಕೊಂಡಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ತಲೆ ಮೇಲೆ ಗೀಟು, ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ನಮ್ಮಲ್ಲಿ ಮನುಷ್ಯರು ಕೂತು ನೋಡುವುದರಿಂದ ಹಿಡಿಯುತ್ತೇವೆ. ಫೈಲ್ ಅಪ್‌ಲೋಡ್ ಆದ ಕೂಡಲೇ ತಾನೇ ಮಷಿನ್‌ಗೆ ಹೋಗುವ ಕಡೆ ಕನ್ನಡ ಬಲ್ಲವರು ಯಾರೂ ಇರದೇ ಇರಬಹುದು. ಆದ್ದರಿಂದ ಅಕ್ಷರವನ್ನು ಔಟ್‌ಲೈನ್ ಮಾಡಿ, ಅಂದರೆ ಚಿತ್ರವಾಗಿ ಬದಲಾಯಿಸಿ ಕಳಿಸಿ. ಅದಕ್ಕೂ ಮುಂಚೆ ಕನ್ನಡ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಿ. ಮನೆಯಲ್ಲಿ ನಿವೃತ್ತ ಮೇಷ್ಟ್ರು ಇದ್ದರೆ ಅದೃಷ್ಟವಂತರು ನೀವು. ಪ್ರತಿ ವರ್ಷವೂ ಯಾರಾದರೊಬ್ಬರು ರಾಜ್ಯೋತ್ಸವದ 'ಶುಭಾಷಯ' ಕಳಿಸಿಯೇ ಕಳಿಸುತ್ತಾರೆ. ಶ ಯಾವುದು, ಷ ಯಾವುದು ಅಂತ ಫೋನಿನಲ್ಲಿ ಹೇಳುವುದು ನನ್ನ ಕೆಲಸದ ಭಾಗವೇ ಆಗಿಹೋಗಿದೆ.

ಎಐಗೆ ಹೇಳಿ ಚಿತ್ರ ಮಾಡಿಸುವವರೂ ಈಗ ಜಾಸ್ತಿ. ಚಿತ್ರ ಬೇಕಾದರೆ ಮಾಡಿಸಿ, ಅಕ್ಷರ ಮಾತ್ರ ನೀವೇ ಕೂರಿಸಿ. ದೂರದಿಂದ ಕನ್ನಡ, ಹತ್ತಿರದಿಂದ ಯಾವ ಭಾಷೆಯೂ ಅಲ್ಲದ ಗೀಚು ಎಷ್ಟೋ ಸಲ ಬಂದಿದೆ.

ಫಾಂಟಿಗೂ ಲೈಸೆನ್ಸ್ ಇರುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿರುವ ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಬರುವುದರಿಂದ ಮಾರುವ ವಸ್ತುವಿನ ಮೇಲೆ ಧಾರಾಳವಾಗಿ ಬಳಸಬಹುದು. ಬಾಲೂ ತಮ್ಮ ದುಂಡಗೆ, ದಪ್ಪಗೆ ಇದೆ, ಬಟ್ಟೆಗೆ ಹೇಳಿ ಮಾಡಿಸಿದಂತಿದೆ. ಸಣ್ಣ ಗೆರೆಯ ಫಾಂಟುಗಳಲ್ಲಿ ಒತ್ತಿನ ಬಾಲ ಎಷ್ಟು ತೆಳ್ಳಗಿರುತ್ತದೆ ಅಂದರೆ ನಾಲ್ಕು ಒಗೆತಕ್ಕೆ ಎದ್ದು ಬರುತ್ತದೆ. ಆಮೇಲೆ 'ಅಮ್ಮ' 'ಅಮ' ಆಗುತ್ತಾಳೆ.

ಇಷ್ಟೆಲ್ಲ ನಾನು ಹೇಳುವುದಕ್ಕಿಂತ ಒಂದು ಸ್ಯಾಂಪಲ್ ತರಿಸಿ ನೋಡಿದರೆ ಬೇಗ ತಿಳಿಯುತ್ತದೆ. ಆಶ್ಚರ್ಯ ಅಂದರೆ ಹೊಸಬರು ಇದೊಂದನ್ನೇ ಬಿಡುವುದು. ಡೊಮೈನ್‌ಗೆ ದುಡ್ಡು ಕೊಡುತ್ತಾರೆ, ಲೋಗೋಗೆ ಕೊಡುತ್ತಾರೆ, ಜಾಹೀರಾತಿಗೆ ಕೊಡುತ್ತಾರೆ. ತಾವು ಮಾರುವ ಟೀ ಶರ್ಟನ್ನು ತಾವೇ ಕೊಳ್ಳಲು ಮಾತ್ರ ಕೈ ಬರುವುದಿಲ್ಲ. ವೆಬ್‌ಸೈಟಿನಲ್ಲಿ ಹಾಕುವುದು ಕಂಪ್ಯೂಟರ್‌ನಲ್ಲಿ ಮಾಡಿದ ಮಾಕಪ್, ಅಂದರೆ ಯಾರದೋ ಫೋಟೋದ ಟೀ ಶರ್ಟ್ ಮೇಲೆ ತಮ್ಮ ಡಿಸೈನ್ ಕೂರಿಸಿದ ಚಿತ್ರ. ಅದೇ ಗಡ್ಡದ ಯುವಕ, ಅದೇ ಇಟ್ಟಿಗೆ ಗೋಡೆ, ಊರಿನ ಎಲ್ಲ ಅಂಗಡಿಯಲ್ಲೂ ಅವನೇ ನಿಂತಿದ್ದಾನೆ.

ಸ್ಯಾಂಪಲ್ ಬಂದ ಮೇಲೆ ಕೈಯಲ್ಲಿ ಹಿಡಿದು ನೋಡಿ. ಬಟ್ಟೆಯ ತೂಕವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. 180 ಜಿಎಸ್‌ಎಂ ಮಾಮೂಲಿ ಟೀ ಶರ್ಟ್, ನಮ್ಮ ಬೆಂಗಳೂರಿನ ಹವೆಗೆ ಸರಿಹೋಗುತ್ತದೆ. 240 ಅಂದರೆ ಹುಡುಗರು ಈಗ ಇಷ್ಟಪಡುವ ದೊಗಳೆ, ಭುಜ ಇಳಿಬಿದ್ದ ಟೀ ಶರ್ಟಿನ ದಪ್ಪ ಬಟ್ಟೆ. ಏಪ್ರಿಲ್‌ನಲ್ಲಿ ಅದನ್ನು ಹಾಕಿಕೊಂಡು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಬೈಕ್ ಮೇಲೆ ನಿಂತವರನ್ನು ಕೇಳಿ.

ಪ್ರಿಂಟ್‌ನಲ್ಲೂ ಬಗೆಗಳಿವೆ. ಡಿಟಿಜಿಯಲ್ಲಿ ಶಾಯಿ ನೇರ ಬಟ್ಟೆಯ ಮೇಲೆ ಬೀಳುತ್ತದೆ. ಹತ್ತಿಯ ಮೇಲೆ ಮೃದುವಾಗಿ ಬರುತ್ತದೆ, ಗಾಳಿ ಆಡುತ್ತದೆ. ಅದಕ್ಕೆ ಮುಂಚೆ ಒಂದು ದ್ರಾವಣ ಸಿಂಪಡಿಸುವುದರಿಂದ ಹೊಸದರಲ್ಲಿ ಚೌಕದ ಕಲೆ, ಸ್ವಲ್ಪ ಹುಳಿ ವಾಸನೆ ಇರಬಹುದು. ಒಂದು ಸಲ ಒಗೆದರೆ ಹೋಗುತ್ತದೆ. ಇದನ್ನು ಮುಂಚೆಯೇ ಒಂದು ಸಾಲಿನಲ್ಲಿ ಹೇಳದಿದ್ದರೆ 'ಬಳಸಿದ ಬಟ್ಟೆ ಕಳಿಸಿದ್ದೀರಾ' ಅಂತ ಬೈಗುಳ ಗ್ಯಾರಂಟಿ. ಡಿಟಿಎಫ್‌ನಲ್ಲಿ ಮೊದಲು ಫಿಲ್ಮ್ ಮೇಲೆ ಪ್ರಿಂಟ್ ಮಾಡಿ, ಅಂಟಿನ ಪುಡಿ ಹಾಕಿ, ಹೀಟ್ ಪ್ರೆಸ್‌ನಲ್ಲಿ ಬಟ್ಟೆಗೆ ಒತ್ತುತ್ತೇವೆ. ಬಣ್ಣ ಗಟ್ಟಿ, ಬಟ್ಟೆ ಯಾವುದಾದರೂ ಪರವಾಗಿಲ್ಲ. ಆದರೆ ಎದೆ ತುಂಬ ದೊಡ್ಡ ಚಿತ್ರ ಹಾಕಿದರೆ ಅಷ್ಟು ಜಾಗಕ್ಕೆ ಗಾಳಿ ಹೋಗುವುದಿಲ್ಲ, ಒಳಗೆ ಬೆವರು. ಚಿತ್ರದ ನಡುನಡುವೆ ಖಾಲಿ ಬಿಟ್ಟು ಡಿಸೈನ್ ಮಾಡಿದರೆ ಹಾಕಿಕೊಂಡವರು ಹರಸುತ್ತಾರೆ. ಸಬ್ಲಿಮೇಶನ್ ಅನ್ನುವುದು ತಿಳಿ ಬಣ್ಣದ ಪಾಲಿಯೆಸ್ಟರ್‌ಗೆ, ಲೇಪನ ಇರುವ ಮಗ್ಗಿಗೆ. ಹತ್ತಿ ಬಟ್ಟೆಗೆ ಸಬ್ಲಿಮೇಶನ್ ಮಾಡಿಕೊಡಿ ಅಂತ ಕೇಳಬೇಡಿ.

ಒಗೆದು ನೋಡುವುದೂ ಒಂದು ಪರೀಕ್ಷೆ. ತಣ್ಣೀರಲ್ಲಿ, ಒಳಮಗ್ಗುಲು ಹೊರಗೆ ಮಾಡಿ, ಮಷಿನ್‌ನಲ್ಲಿ ಒಗೆಯಿರಿ ಅಂತ ನಾವು ಲೇಬಲ್‌ನಲ್ಲಿ ಬರೆದಿರುತ್ತೇವೆ. ಯಾರು ಓದುತ್ತಾರೆ? ಸರ್ಫ್ ನೀರಿನಲ್ಲಿ ನೆನೆಸಿ, ಒಗೆಯುವ ಕಲ್ಲಿನ ಮೇಲೆ ಹಾಕಿ ಬ್ರಷ್‌ನಲ್ಲಿ ತಿಕ್ಕುವ ಅಮ್ಮಂದಿರು ಇನ್ನೂ ಇದ್ದಾರೆ. ಒಂದು ಸ್ಯಾಂಪಲನ್ನು ಅಂಥವರ ಕೈಗೆ ಕೊಡಿ. ಒಗೆಯುವ ಮುಂಚೆ, ಒಗೆದ ಮೇಲೆ ಎದೆಯ ಸುತ್ತಳತೆ, ಉದ್ದ ಎರಡನ್ನೂ ಟೇಪ್ ಹಿಡಿದು ಅಳೆಯಿರಿ. ಆ ಅಳತೆಯನ್ನೇ ಸೈಜ್ ಚಾರ್ಟ್‌ನಲ್ಲಿ ಹಾಕಿ. ಎಂ, ಎಲ್ ಅನ್ನುವುದು ಒಂದೊಂದು ಬ್ರ್ಯಾಂಡಿನಲ್ಲಿ ಒಂದೊಂದು ಥರ. ಹಾಗೇ, ಚಿತ್ರ ಕಾಲರ್‌ನಿಂದ ಸುಮಾರು ನಾಲ್ಕು ಬೆರಳು ಕೆಳಗೆ ಶುರುವಾಗಬೇಕು. ಟೀ ಶರ್ಟಿನ ನಟ್ಟನಡುವೆ ಇಟ್ಟರೆ ಅದು ಕೂರುವುದು ಹೊಟ್ಟೆಯ ಮೇಲೆ. ನಮ್ಮೂರಿನ ಐಟಿ ಹೊಟ್ಟೆಗಳಿಗೆ ಅಷ್ಟು ಒತ್ತು ಕೊಡುವ ಅಗತ್ಯ ಇಲ್ಲ.

ಈಗ ದುಡ್ಡಿನ ಮಾತು. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟೀ ಶರ್ಟಿನ ಬೆಲೆ 499, ಡೆಲಿವರಿ ಉಚಿತ. ಬಟ್ಟೆ ಮತ್ತು ಪ್ರಿಂಟ್‌ಗೆ 290. ಕೊರಿಯರ್, ಪ್ಯಾಕಿಂಗ್‌ಗೆ 75. ಆನ್‌ಲೈನ್ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇಗೆ ಸುಮಾರು 12. ಬೆಲೆಯಲ್ಲೇ ಸೇರಿದ ಶೇಕಡ 5 ಜಿಎಸ್‌ಟಿ ಹತ್ತಿರ ಹತ್ತಿರ 24. ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ್ದರಲ್ಲಿ ಕಳೆಯುವ ಇನ್‌ಪುಟ್ ಕ್ರೆಡಿಟ್ ಲೆಕ್ಕ ಸದ್ಯಕ್ಕೆ ಬದಿಗಿಡಿ. ಕೈಯಲ್ಲಿ ಉಳಿಯುವುದು 98 ರೂಪಾಯಿ. ಹೊಸಬರು ಮಾಡುವ ಲೆಕ್ಕ 499ರಲ್ಲಿ 290 ಕಳೆದರೆ 209 ಅಂತ. ಆ 209ರ ಧೈರ್ಯದ ಮೇಲೆ 'ಶುಭಾರಂಭ, 20 ಪರ್ಸೆಂಟ್ ಆಫ್' ಅಂತ ಬೋರ್ಡ್ ಹಾಕುತ್ತಾರೆ. 499ಕ್ಕೆ 20 ಪರ್ಸೆಂಟ್ ಅಂದರೆ ನೂರು ರೂಪಾಯಿ. ಜಿಎಸ್‌ಟಿ ಅಷ್ಟಿಷ್ಟು ಕಮ್ಮಿಯಾದರೂ ಜೇಬಿಗೆ ಏನೂ ಬರುವುದಿಲ್ಲ, ಮೇಲೆ ಜಾಹೀರಾತಿನ ಖರ್ಚು ಕೈಯಿಂದ.

ಅದಕ್ಕಿಂತ ಕೆಟ್ಟದ್ದು ಕ್ಯಾಶ್ ಆನ್ ಡೆಲಿವರಿ. ರಾತ್ರಿ ಹನ್ನೊಂದಕ್ಕೆ ರೀಲ್ ನೋಡಿ ಖುಷಿಯಲ್ಲಿ ಆರ್ಡರ್ ಮಾಡಿದವರಿಗೆ ಪಾರ್ಸೆಲ್ ಬರುವ ಹೊತ್ತಿಗೆ ಮನಸ್ಸು ಬದಲಾಗಿರುತ್ತದೆ. ಫೋನ್ ಎತ್ತುವುದಿಲ್ಲ. ಪಾರ್ಸೆಲ್ ವಾಪಸ್ ಬರುತ್ತದೆ. ಕೊರಿಯರ್ ಭಾಷೆಯಲ್ಲಿ ಇದಕ್ಕೆ ಆರ್‌ಟಿಓ, ಅಂದರೆ ರಿಟರ್ನ್ ಟು ಒರಿಜಿನ್ ಅನ್ನುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಕೊಡುವ ಆರ್‌ಟಿಓ ಅಲ್ಲ, ಆದರೆ ಅಷ್ಟೇ ಸುಸ್ತು ಮಾಡುತ್ತದೆ. ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ಮಾರುವವರ ತಲೆಗೆ. ಬಟ್ಟೆಯ ಖರ್ಚೂ ಸೇರಿಸಿದರೆ ನಮ್ಮ ಉದಾಹರಣೆಯಲ್ಲಿ 440. ನಾಲ್ಕು ಆರ್ಡರಿನ ಲಾಭ ಒಂದು ವಾಪಸಾತಿಗೆ ಸಾಲುವುದಿಲ್ಲ. ಸಾದಾ ಟೀ ಶರ್ಟಾದರೆ ಇನ್ನೊಬ್ಬರಿಗೆ ಮಾರಬಹುದು. 'ಮಗಳು ಸಿರಿಗೆ ಅಪ್ಪನ ಪ್ರೀತಿ' ಅಂತ ಹೆಸರು ಹಾಕಿದ್ದನ್ನು ಯಾವ ಸಿರಿಯ ಅಪ್ಪನನ್ನು ಹುಡುಕಿ ಮಾರೋಣ? ನಮ್ಮ ಯೂನಿಟ್‌ನ ಒಂದು ಕಪಾಟಿನಲ್ಲಿ ಇಂಥವು ಸಾಲಾಗಿ ಮಡಚಿಟ್ಟಿವೆ. ಹೆಸರು ಹಾಕುವ ಮಾಲಿಗೆ ಮುಂಗಡ ಹಣ ಬಂದ ಮೇಲೇ ಕೈ ಹಾಕಬೇಕು. ಬೇರೆಯದಕ್ಕೆ ಕ್ಯಾಶ್ ಆನ್ ಡೆಲಿವರಿ ಕೊಡಲೇಬೇಕು ಅಂದರೆ ಪ್ರಿಂಟ್‌ಗೆ ಹಾಕುವ ಮುಂಚೆ ಒಂದು ಫೋನ್ ಮಾಡಿ ಕೇಳಿ. ಫೋನ್ ಮಾಡಲು ಸಂಕೋಚ ಅನ್ನುವವರು ವ್ಯಾಪಾರಕ್ಕೆ ಯಾಕೆ ಬಂದರು ಅಂತ ನನಗೆ ಅರ್ಥವಾಗುವುದಿಲ್ಲ.

'ವಾಪಸ್ ತೆಗೆದುಕೊಳ್ಳುವುದಿಲ್ಲ' ಅಂತ ಬೋರ್ಡ್ ಹಾಕಿದರೆ ಮುಗಿಯಿತು ಅಂತಲೂ ತಿಳಿದಿದ್ದಾರೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲು ಕೆಟ್ಟಿದ್ದರೆ, ಅಥವಾ ವೆಬ್‌ಸೈಟಿನಲ್ಲಿ ತೋರಿಸಿದ ಹಾಗೆ ಇಲ್ಲದಿದ್ದರೆ, ವಾಪಸ್ ತೆಗೆದುಕೊಳ್ಳದೆ ಇರುವಂತಿಲ್ಲ. ದೂರು ಬಂದರೆ 48 ಗಂಟೆಯೊಳಗೆ ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಮಾಕಪ್‌ನಲ್ಲಿ ಮಿಂಚುವ ಹಸಿರು ತೋರಿಸಿ ಮಾಸಲು ಹಸಿರು ಕಳಿಸಿದರೆ ತೋರಿಸಿದ್ದೊಂದು, ಕಳಿಸಿದ್ದೊಂದು ಆಯಿತಲ್ವಾ? ಸ್ಯಾಂಪಲ್ ತರಿಸಿ, ಬಿಸಿಲಿನಲ್ಲಿ, ಮನೆಯವರಿಗೇ ಹಾಕಿಸಿ ಫೋಟೋ ತೆಗೆದರೆ ಈ ರಗಳೆಯೇ ಇಲ್ಲ.

ಹಕ್ಕುಗಳ ವಿಷಯದಲ್ಲಿ ನಮ್ಮವರು ಬಹಳ ಧಾರಾಳಿಗಳು. ಸಿನಿಮಾ ಡೈಲಾಗು, ನಟರ ಮುಖ, ಕ್ರಿಕೆಟ್ ತಂಡದ ಲೋಗೋ, ಎಲ್ಲವೂ ಊರ ಮುಂದಿನ ಬಾವಿ. "ಅಕ್ಕಾ, ಫ್ಯಾನ್ ಮೇಡ್ ಅಂತ ಬರೆದರೆ ನಡೆಯುತ್ತೆ" ಅನ್ನುತ್ತಾರೆ. ನಡೆಯುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಅಂತಿದೆ. ಅಷ್ಟು ದೂರ ಹೋಗದಿದ್ದರೂ ಹಲವರ ಮಾಲು ಮಾರಿಕೊಡುವ ಅಮೆಜಾನ್‌ನಂಥ ಮಾರ್ಕೆಟ್‌ಪ್ಲೇಸ್‌ನವರು ಮೊದಲು ಆ ಲಿಸ್ಟಿಂಗ್ ಕಿತ್ತುಹಾಕುತ್ತಾರೆ, ಮತ್ತೆ ಮತ್ತೆ ಮಾಡಿದರೆ ಅಂಗಡಿಯನ್ನೇ.

ಕವಿಗಳ ಸಾಲುಗಳಿಗೂ ಇದು ಅನ್ವಯ. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ವಾರಸುದಾರರದ್ದು. ಡಿವಿಜಿ ಹೋದದ್ದು 1975ರಲ್ಲಿ, ಅವರು ಇದ್ದಾಗ ಪ್ರಕಟವಾದ ಪದ್ಯಗಳಿಗೆ 2035ರ ಕೊನೆಯತನಕ ಹಕ್ಕಿದೆ. ಕುವೆಂಪು ಅವರದ್ದು 1994, ಅಂದರೆ 2054. ಕೇಳಿ ಒಪ್ಪಿಗೆ ತೆಗೆದುಕೊಳ್ಳಿ, ಇಲ್ಲವೇ ಹನ್ನೆರಡನೇ ಶತಮಾನಕ್ಕೆ ಹೋಗಿ. ಬಸವಣ್ಣ, ಅಕ್ಕಮಹಾದೇವಿ, ಆಮೇಲೆ ಬಂದ ಪುರಂದರದಾಸರು, ಸರ್ವಜ್ಞ, ಎಷ್ಟು ಬೇಕೋ ಅಷ್ಟು ಸಾಲು ಅಲ್ಲಿವೆ. ಆದರೆ ಇವತ್ತಿನ ಕಲಾವಿದರೊಬ್ಬರು ಚೆಂದವಾಗಿ ಬರೆದ ವಚನದ ಕ್ಯಾಲಿಗ್ರಫಿಯನ್ನು ಗೂಗಲ್‌ನಿಂದ ಎತ್ತಿಕೊಂಡರೆ ಅದು ಮತ್ತೆ ಕಳ್ಳತನವೇ. ವಚನ ಹಳೆಯದು, ಆ ಬರವಣಿಗೆ ಹೊಸದು. ಗಂಡಭೇರುಂಡಕ್ಕೂ ಹೀಗೇ. ಹಳೆಯ ದೇವಸ್ಥಾನದ ಶಿಲ್ಪ ನೋಡಿ ನೀವೇ ಬರೆದುಕೊಂಡರೆ ಸರಿ. ಸರ್ಕಾರದ ಲಾಂಛನವನ್ನೇ ಇಟ್ಟುಕೊಂಡು ವ್ಯಾಪಾರ ಮಾಡುವುದನ್ನು 1950ರ ಲಾಂಛನಗಳ ಕಾಯ್ದೆ ತಡೆಯುತ್ತದೆ.

ಜಿಎಸ್‌ಟಿ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಬೋರಾಗುತ್ತದೆ. ಕರ್ನಾಟಕದೊಳಗೇ ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನತನಕ ನೋಂದಣಿ ಬೇಡ. 2023ರ ಅಕ್ಟೋಬರ್ 1ರಿಂದ ಮಾರ್ಕೆಟ್‌ಪ್ಲೇಸ್ ಮೂಲಕ ರಾಜ್ಯದೊಳಗೆ ಮಾರುವ ಸಣ್ಣವರಿಗೂ ಈ ಸೌಲಭ್ಯ ಇದೆ. ಆದರೆ ಹೈದರಾಬಾದಿಗೆ ಒಂದೇ ಒಂದು ಟೀ ಶರ್ಟ್ ಕಳಿಸಿದರೂ ಅದು ಅಂತರರಾಜ್ಯ ಮಾರಾಟ, ನೋಂದಣಿ ಕಡ್ಡಾಯ. ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿಗೆ ಶುಲ್ಕ ಇಲ್ಲ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಉಡುಪಿಗೆ ಶೇಕಡ 5. 'ಯುಪಿಐನಲ್ಲಿ ತಗೊಂಡ್ರೆ ಯಾರಿಗೆ ಗೊತ್ತಾಗುತ್ತೆ' ಅನ್ನುವವರು 2025ರ ಜುಲೈ ನೆನಪಿಸಿಕೊಳ್ಳಿ. ಯುಪಿಐ ಲೆಕ್ಕ ಹಿಡಿದು ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿ, ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ 'ಕ್ಯಾಶ್ ಮಾತ್ರ' ಬೋರ್ಡ್ ಬಂದಿದ್ದವಲ್ಲ.

ಅಮೆರಿಕದ ಕನ್ನಡಿಗರಿಗೆ ಮಾರುವ ಆಸೆ ಎಲ್ಲರಿಗೂ ಇದೆ. ಡಾಲರ್ ಅಲ್ವಾ. ಮೊದಲು 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಅಲ್ಲಿ ಸುಂಕ ಇರಲಿಲ್ಲ. 2025ರ ಆಗಸ್ಟ್ 29ಕ್ಕೆ ಆ ವಿನಾಯಿತಿ ನಿಂತಿತು. ಇಲ್ಲಿಂದ ಕಳಿಸುವುದಕ್ಕಿಂತ ಅಲ್ಲೇ ಪ್ರಿಂಟ್ ಮಾಡುವವರಿಗೆ ಫೈಲ್ ಕೊಡುವುದು ಲೇಸು. ನಮ್ಮ ಯೂನಿಟ್‌ಗೆ ನಷ್ಟವಾದರೂ ಇದ್ದದ್ದನ್ನು ಹೇಳುತ್ತೇನೆ. ಸ್ಯಾಂಪಲ್ ಮಾತ್ರ ಅಲ್ಲಿರುವ ನೆಂಟರ ಮನೆಗೆ ತರಿಸಿ, ವಿಡಿಯೋ ಕಾಲ್‌ನಲ್ಲಾದರೂ ನೋಡಿ.

ಯಾರಿಗೆ ಮಾರಬೇಕು ಅನ್ನುವುದಕ್ಕೆ ನನ್ನ ಹತ್ತಿರ ದೊಡ್ಡ ಸೂತ್ರ ಇಲ್ಲ. ಫೈಲ್ ನೋಡುವವಳ ಅನುಭವ ಇಷ್ಟು: ಫಿಲ್ಟರ್ ಕಾಫಿ, ಸಿಲ್ಕ್ ಬೋರ್ಡ್ ಟ್ರಾಫಿಕ್, 'ಸ್ವಲ್ಪ ಅಡ್ಜಸ್ಟ್ ಮಾಡಿ' ಈ ಮೂರೂ ಎಷ್ಟು ಬಂದಿವೆ ಅಂದರೆ ನಾನು ತೆರೆಯದೆಯೇ ಹೇಳಬಲ್ಲೆ. ಎಲ್ಲರಿಗೂ ಇಷ್ಟವಾಗಲಿ ಅಂತ ಮಾಡಿದ್ದು ಯಾರಿಗೂ ಬೇಕೇಬೇಕು ಅನಿಸುವುದಿಲ್ಲ. ನಮ್ಮಲ್ಲಿ ವರ್ಷವಿಡೀ ನಿಲ್ಲದೆ ಆರ್ಡರ್ ಬರುವುದು ಒಬ್ಬ ಹೆಂಗಸಿನ ಅಂಗಡಿಯದ್ದು. ಲಾಲ್‌ಬಾಗ್‌ಗೆ ಬೆಳಿಗ್ಗೆ ಹಕ್ಕಿ ನೋಡಲು ಹೋಗುವವರಿಗಾಗಿ ಹಕ್ಕಿಗಳ ಚಿತ್ರ, ಕೆಳಗೆ ಕನ್ನಡದ ಹೆಸರು. ಮಡಿವಾಳ, ಮಿಂಚುಳ್ಳಿ, ಕೆಂಬೂತ, ಗೀಜಗ. ಅಷ್ಟೇ. ಚಿತ್ರ ಅವರೇ ಬರೆದದ್ದು, ಹಕ್ಕು ಅವರದ್ದೇ, ರಾಜ್ಯೋತ್ಸವ ಇರಲಿ ಬಿಡಲಿ ನಡೆಯುತ್ತದೆ. ಒಂದು ಸಲ ಕೆಂಬೂತದ ಕಣ್ಣಿನ ಕೆಂಪು ಸರಿಯಾಗಿ ಬರಲಿಲ್ಲ ಅಂತ ಸ್ಯಾಂಪಲ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಸರಿಹೋಗುವತನಕ ನನ್ನ ಪಕ್ಕದ ಸ್ಟೂಲ್ ಬಿಟ್ಟು ಏಳಲಿಲ್ಲ. ಅವತ್ತು ಸ್ವಲ್ಪ ರೇಗಿತು ನನಗೆ, ನಿಜ. ಆದರೆ ಅವರ ಪಾರ್ಸೆಲ್ ವಾಪಸ್ ಬರುವುದು ಅಪರೂಪ.

ಒಂದು ಮಟ್ಟಕ್ಕೆ ಬಂದ ಮೇಲೆ ಯಾವುದೋ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಿಂದ ಫೋನ್ ಬರುತ್ತದೆ, ಒಂದೇ ಡಿಸೈನಿನ 60 ಟೀ ಶರ್ಟ್ ಬೇಕು ಅಂತ. ಹೊಸಬರು ಅದನ್ನೂ ಒಂದೊಂದರ ದರದಲ್ಲೇ ಹಾಕಿ, ಬೆಲೆ ಕೇಳಿ ಅವರು ಓಡಿಹೋದ ಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ. ಒಂದೇ ಚಿತ್ರ, ಒಂದೆರಡು ಬಣ್ಣ, ಡಜನ್‌ಗಟ್ಟಲೆ ಅಂದರೆ ಅದು ಸ್ಕ್ರೀನ್ ಪ್ರಿಂಟಿಂಗ್ ಕೆಲಸ. ಬಣ್ಣಕ್ಕೊಂದು ಸ್ಕ್ರೀನ್ ಮಾಡಿಸುವ ಖರ್ಚು ಮೊದಲೇ ಇರುತ್ತದೆ, ಆಮೇಲೆ ಎಷ್ಟು ಜಾಸ್ತಿ ಮಾಡಿದರೆ ಒಂದೊಂದಕ್ಕೆ ಅಷ್ಟು ಅಗ್ಗ. ಅಂಥ ಆರ್ಡರ್ ಬಿಡಬೇಡಿ, ಸ್ಕ್ರೀನ್ ಪ್ರಿಂಟ್ ಮಾಡುವವರ ಹತ್ತಿರ ಮಾಡಿಸಿಕೊಡಿ. ಯಾರಿಗೆ ಯಾವ ಸೈಜ್ ಅನ್ನುವುದನ್ನು ಫೋನಿನಲ್ಲಿ ಕೇಳಿಕೊಳ್ಳದೆ ಬರಹದಲ್ಲಿ ತರಿಸಿಕೊಳ್ಳಿ. ಎಕ್ಸ್‌ಎಲ್ ಎರಡು ಮೂರು ಹೆಚ್ಚಿಗೆ ಇರಲಿ, ಫಾರಂನಲ್ಲಿ ಎಲ್ ಅಂತ ಬರೆಯುವ ಗಂಡಸರು ಎಲ್ಲ ಕಡೆ ಇದ್ದಾರೆ. ಅರ್ಧ ಹಣ ಮುಂಗಡ ಬಾರದೆ ಸ್ಕ್ರೀನ್ ಮಾಡಿಸಲು ಹೋಗಬೇಡಿ. ನಡುವೆ ಅಸೋಸಿಯೇಷನ್ ಚುನಾವಣೆ ಬಂದು ಸೆಕ್ರೆಟರಿ ಬದಲಾದರೆ, ಹಳಬರು ಹೇಳಿದ್ದ ಆರ್ಡರನ್ನು ಹೊಸಬರು ಒಪ್ಪಿಕೊಂಡದ್ದನ್ನು ನಾನಂತೂ ನೋಡಿಲ್ಲ.